ಪೂರ್ತಿ ನೀಲಿ ಮಾಡಿದ್ರೂ ದುಃಖ ಯಾಕೆ ಬರಲ್ಲ? ಹಾಡಿನ ವಿಡಿಯೋ, ಬಣ್ಣ, ನಿಮ್ಮ ಪ್ರಶ್ನೆಗಳು

ಸ್ವಂತ ಹಾಡಿಗೆ ವಿಡಿಯೋ ಮಾಡ್ತಿರೋರು ಪ್ರಶ್ನೆ ಕಳ್ಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ವಿ. ಕ್ಯಾಮೆರಾ ಯಾವ್ದು ತಗೋಬೇಕು ಅಂತ ಕೇಳಿದೋರಿಗಿಂತ ಬಣ್ಣದ ಬಗ್ಗೆ ಕೇಳಿದೋರೇ ಜಾಸ್ತಿ, ನಿಜವಾಗ್ಲೂ ಖುಷಿ ಆಯ್ತು. ನಾಲ್ಕು ಪ್ರಶ್ನೆ ಆರಿಸ್ಕೊಂಡಿದೀನಿ.

ಪ್ರಶ್ನೆ: ನಾವು ಶಿರಸಿ ಕಡೆಯ ಕಾಲೇಜು ಹುಡುಗರು. ಒಂದು ವಿರಹದ ಹಾಡಿಗೆ ವಿಡಿಯೋ ಮಾಡಿದೀವಿ. ಅಡಿಕೆ ತೋಟ, ಹಳೇ ಮನೆ, ಮಳೆ ಎಲ್ಲಾ ಇದೆ. ದುಃಖ ಕಾಣ್ಲಿ ಅಂತ ಶುರುವಿಂದ ಕೊನೇವರೆಗೂ ನೀಲಿ ಫಿಲ್ಟರ್ ಹಾಕಿದ್ವಿ. ನೋಡಿದೋರೆಲ್ಲ ಚೆನ್ನಾಗಿದೆ ಅಂತಾರೆ, ಆದ್ರೆ ಯಾರ ಮನಸ್ಸಿಗೂ ಏನೂ ಆದ ಹಾಗೆ ಕಾಣಲ್ಲ. ಎಲ್ಲಿ ತಪ್ಪಿದ್ವಿ?

ಉತ್ತರ: ಶುರುವಿಂದ ಕೊನೇವರೆಗೂ ಅಂದ್ರಲ್ಲ, ಅಲ್ಲೇ. ನಮ್ಮ ಕಣ್ಣು ಯಾವ ಬಣ್ಣದ ಬೆಳಕಿಗಾದ್ರೂ ಬೇಗ ಹೊಂದ್ಕೊಂಡು ಬಿಡತ್ತೆ. ಕೂಲಿಂಗ್ ಗ್ಲಾಸ್ ಹಾಕ್ಕೊಂಡ ಹೊಸ್ತರಲ್ಲಿ ಲೋಕ ಕಂದು ಬಣ್ಣಕ್ಕೆ ಕಾಣತ್ತೆ, ಸ್ವಲ್ಪ ಹೊತ್ತಾದ್ಮೇಲೆ ಎಲ್ಲಾ ಮಾಮೂಲಿ ಅನ್ಸತ್ತೆ, ತೆಗೆದಾಗಲೇ ಅಯ್ಯೋ ಇಷ್ಟೊಂದು ಫರಕ್ ಇತ್ತಾ ಅಂತ ಗೊತ್ತಾಗೋದು. ನಿಮ್ಮ ನಾಲ್ಕು ನಿಮಿಷದ ಹಾಡಲ್ಲಿ ನೀಲಿ ಒಂದೇ ಸಮ ಇದ್ರೆ ಮೊದಲ ಚರಣ ಮುಗಿಯೋಷ್ಟರಲ್ಲಿ ನೋಡೋರ ಪಾಲಿಗೆ ಅದು ನೀಲಿಯಾಗೇ ಉಳಿದಿರಲ್ಲ. ಬಣ್ಣ ಮನಸ್ಸಿಗೆ ತಾಗೋದು ಅದು ಬದಲಾಗೋ ಜಾಗದಲ್ಲಿ, ಇಲ್ಲಾ ಇದ್ದಿದ್ದು ಕಾಣೆಯಾಗೋ ಜಾಗದಲ್ಲಿ. ಆ ಜಾಗ ಹಾಡಲ್ಲಿ ಎಲ್ಲಿದೆ ಅಂತ ಹುಡುಕೋದೇ ನಿಮ್ಮ ಮೊದಲ ಕೆಲಸ, ಫಿಲ್ಟರ್ ಆಮೇಲೆ.

ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಹಾಡಿರೋ 'ವೆನ್ ದ ಪಾರ್ಟೀಸ್ ಓವರ್' ವಿಡಿಯೋ ನೋಡಿ, 2018ರದ್ದು, ಕಾರ್ಲೋಸ್ ಲೋಪೆಜ್ ಎಸ್ಟ್ರಾಡಾ ನಿರ್ದೇಶನ. ಬಿಳಿ ರೂಮು, ಬಿಳಿ ಬಟ್ಟೆ, ಎದುರಿಗೆ ಒಂದು ಗ್ಲಾಸಲ್ಲಿ ಕಪ್ಪು ದ್ರವ. ಆಕೆ ಅದನ್ನ ಕುಡೀತಾಳೆ, ಆಮೇಲೆ ಕಣ್ಣಿಂದ ಕಪ್ಪು ನೀರು ಇಳಿಯೋಕೆ ಶುರುವಾಗಿ ಆ ಬಿಳಿ ಬಟ್ಟೆ ಎಲ್ಲಾ ಕಪ್ಪಾಗ್ತಾ ಹೋಗತ್ತೆ. ವಿಡಿಯೋದಲ್ಲಿ ಆಗೋದೇ ಅಷ್ಟು. ಗೋಡೇನೂ ಕಪ್ಪಿದ್ದಿದ್ರೆ ಆ ಕಣ್ಣೀರಿಗೆ ಬೆಲೆಯೇ ಇರ್ತಿರ್ಲಿಲ್ಲ.

ಈಗ ನಿಮ್ಮ ತೋಟಕ್ಕೆ ಬರೋಣ. ಅಲ್ಲಿ ಎಲ್ಲಾ ಹಸಿರೇ. ಹಾಗಾಗಿ ಹಸಿರಲ್ಲಿ ಎದ್ದು ಕಾಣೋ ಒಂದೇ ಒಂದು ಬಣ್ಣ ಆರಿಸ್ಕೊಳ್ಳಿ, ನನ್ನನ್ನ ಕೇಳಿದ್ರೆ ಕನಕಾಂಬರದ ಕೇಸರಿ. ಇಬ್ರೂ ಜೊತೆಗಿದ್ದಾಗಿನ ಶಾಟ್‌ಗಳಲ್ಲಿ ಅದು ಇರ್ಲಿ, ಜಡೆಯಲ್ಲಿ ಹೂವು, ಕಿಟಕಿ ಮೇಲೆ ಒಣಗ್ತಿರೋ ಒಂದು ಟವೆಲ್ಲು, ಹೀಗೆ ಸಹಜವಾಗಿ, ತೋರಿಸ್ತಿದೀವಿ ಅಂತ ಗೊತ್ತಾಗ್ದೇ ಇರೋ ಥರ. ದೂರ ಆದ್ಮೇಲಿನ ಶಾಟ್‌ಗಳಲ್ಲಿ ಕೇಸರಿ ಅನ್ನೋದು ಎಲ್ಲೂ ಇರ್ಬಾರ್ದು. ಹಿಂದೆ ಬಾವಿಕಟ್ಟೆ ಮೇಲೆ ಕೇಸರಿ ಪ್ಲಾಸ್ಟಿಕ್ ಬಕೆಟ್ ಇದ್ರೆ ಅದನ್ನೂ ತೆಗೀರಿ. ಏನು ಕಾಣೆಯಾಗಿದೆ ಅಂತ ನೋಡೋರು ಬಾಯಿಬಿಟ್ಟು ಹೇಳಲ್ಲ, ಆದ್ರೆ ಮನೆ ಖಾಲಿ ಅನ್ಸೋಕೆ ಶುರುವಾಗತ್ತೆ. ಕೊನೇ ಚರಣದಲ್ಲಿ ಒಂದು ಸಲ, ಒಂದೇ ಸಲ, ಅದೇ ಹೂವು ಬರ್ಲಿ. ಎಲ್ಲಿ ಬರ್ಬೇಕು ಅನ್ನೋದು ನಿಮ್ಮ ಹಾಡಿನ ಸಾಹಿತ್ಯಕ್ಕೆ ಬಿಟ್ಟಿದ್ದು.

ಇನ್ನೊಂದು ತೊಂದರೆ ಇದೆ, ತೋಟದಲ್ಲಿ ಶೂಟ್ ಮಾಡೋರೆಲ್ಲ ಇದನ್ನ ಗಮನಿಸ್ಲೇಬೇಕು. ಅಡಿಕೆ ಸೋಗೆಯಿಂದ ಸೋಸಿ ಬರೋ ಬೆಳಕು, ಕೆಳಗಿನ ಎಲೆಗಳಿಂದ ಪುಟಿಯೋ ಬೆಳಕು ಎರಡೂ ಹಸಿರೇ, ಅದು ಸೀದಾ ಮುಖಕ್ಕೆ ಬೀಳತ್ತೆ. ಅದರ ಮೇಲೆ ನೀವು ನೀಲಿ ಫಿಲ್ಟರ್ ಹಾಕಿದ್ರೆ ಹುಡುಗಿ ದುಃಖದಲ್ಲಿ ಇದ್ದಾಳೆ ಅನ್ಸಲ್ಲ, ಹುಷಾರಿಲ್ಲ ಅನ್ಸತ್ತೆ. ಕ್ಲೋಸಪ್‌ಗಳನ್ನ ತೋಟದ ಅಂಚಿಗೆ, ಆಕಾಶ ತೆರ್ಕೊಂಡಿರೋ ಕಡೆಗೆ ತನ್ನಿ, ಮುಖದ ಹತ್ತಿರ ಒಂದು ಬಿಳಿ ಪಂಚೆ ಹಿಡೀರಿ, ಫೋನಲ್ಲಿ ಶೂಟ್ ಮಾಡ್ತಿದ್ರೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಮಾಡೋ ಸೆಟ್ಟಿಂಗು) ಲಾಕ್ ಮಾಡಿ, ಇಲ್ಲಾಂದ್ರೆ ಆಟೋ ಮೋಡ್ ಒಂದೊಂದು ಶಾಟಿಗೆ ಒಂದೊಂದು ಬಣ್ಣ ಕೊಡತ್ತೆ. ಗ್ರೇಡಿಂಗ್, ಅಂದ್ರೆ ಎಡಿಟಿಂಗ್‌ನಲ್ಲಿ ಬಣ್ಣ ತಿದ್ದೋ ಕೆಲಸ, ಮಾಡುವಾಗ ಹಿನ್ನೆಲೆಗೆ ಏನು ಬೇಕಾದ್ರೂ ಮಾಡಿ, ಮುಖದ ಬಣ್ಣವನ್ನ ಮಾತ್ರ ಬೇರೆ ಮಾಡಿ ಉಳಿಸ್ಕೊಳ್ಳಿ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಫ್ರೀ ವರ್ಷನ್‌ನಲ್ಲೇ ಇದೆಲ್ಲ ಆಗತ್ತೆ.

ನೀಲಿ ಬೇಕೇ ಬೇಕು ಅಂದ್ರೆ ಫಿಲ್ಟರ್ ಬಿಟ್ಟು ಮುಸ್ಸಂಜೆಯಲ್ಲಿ ಶೂಟ್ ಮಾಡಿ. ಸೂರ್ಯ ಮುಳುಗಿದ್ಮೇಲೆ ಅಂಗಳದ ಕೆಂಪು ದಾಸವಾಳ ನೋಡಿದೀರಾ? ಹೂವು ಕಪ್ಪಗಾಗ್ತಾ ಹೋಗತ್ತೆ, ಅದರ ಪಕ್ಕದ ಎಲೆ ಮಾತ್ರ ಇನ್ನೂ ತಿಳಿಯಾಗಿ ಕಾಣ್ತಿರತ್ತೆ. ಬೆಳಕು ಕಮ್ಮಿ ಆದಾಗ ನಮ್ಮ ಕಣ್ಣು ಕೆಂಪನ್ನ ಬಿಟ್ಟು ನೀಲಿ ಹಸಿರಿನ ಕಡೆ ವಾಲತ್ತೆ, ಇದನ್ನ 19ನೇ ಶತಮಾನದಲ್ಲೇ ಪುರ್ಕಿಂಜೆ ಅನ್ನೋ ಚೆಕ್ ವಿಜ್ಞಾನಿ ಗುರುತಿಸಿದ್ರು. ರಾತ್ರಿ ಅಂದ್ರೆ ನೀಲಿ ಅನ್ನೋ ಭಾವನೆ ಸಿನಿಮಾದೋರು ಸುಮ್ನೆ ಹುಟ್ಟಿಸಿದ್ದಲ್ಲ, ನಮ್ಮ ಕಣ್ಣಲ್ಲೇ ಇರೋದು. ಆ ಹೊತ್ತಲ್ಲಿ ಮನೆಯೊಳಗೆ ಒಂದು ಹಳೇ ಥರದ ಬಲ್ಬ್ ಹಚ್ಚಿ. ಬೆಳಕಿನ ಬಣ್ಣ ಅಳೆಯೋದು ಕೆಲ್ವಿನ್‌ನಲ್ಲಿ, ಅಂಕಿ ಕಮ್ಮಿ ಇದ್ರೆ ಹಳದಿ, ಜಾಸ್ತಿ ಆದಷ್ಟೂ ನೀಲಿ. ಬಲ್ಬಿನ ಬಣ್ಣ ಸುಮಾರು 2700 ಕೆಲ್ವಿನ್, ಮಧ್ಯಾಹ್ನದ ಬಿಸಿಲು 5600ರ ಹತ್ತಿರ, ಮುಸ್ಸಂಜೆಯ ಆಕಾಶ ಅದಕ್ಕಿಂತ ಎಷ್ಟೋ ಮೇಲೆ. ಹೊರಗೆ ನೀಲಿ ಅಂಗಳದಲ್ಲಿ ಅವನು, ಹಳದಿ ಕಿಟಕಿಯೊಳಗೆ ಅವಳು. ಒಂದೇ ಫ್ರೇಮಲ್ಲಿ ವಿರಹ ಬಂದುಬಿಡತ್ತೆ, ಡೈಲಾಗೂ ಬೇಡ, ಫಿಲ್ಟರೂ ಬೇಡ.

ಪ್ರಶ್ನೆ: ಕೆಂಪಂದ್ರ ಪ್ರೀತಿ, ನೀಲಿ ಅಂದ್ರ ದುಃಖ, ಇವೆಲ್ಲ ಹೊರಗಿನವ್ರು ಮಾಡಿಟ್ಟ ಪಟ್ಟಿ ಅಲ್ಲೇನ್ರಿ? ನಮ್ಮದು ಅಂತ ಏನಾರ ಐತೇನು? (ಧಾರವಾಡದ ಓದುಗರು)

ಉತ್ತರ: ಐತ್ರಿ, ಬಹಳ ಹಳೇದೇ ಐತಿ. ಭರತನ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ಒಂದೊಂದು ರಸಕ್ಕೂ ಒಂದೊಂದು ಬಣ್ಣ ಹೇಳಿದಾರೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ. ನೀಲಿ ಬಂದಿರೋದು ಬೀಭತ್ಸಕ್ಕೆ! ಕರುಣೆಗೆ ಹೇಳಿರೋದು ಕಪೋತ ವರ್ಣ, ಅಂದ್ರೆ ಪಾರಿವಾಳದ ಬೂದು. ನನಗಂತೂ ಇದು ತುಂಬಾ ನಿಜ ಅನ್ಸತ್ತೆ, ಯಾಕಂದ್ರೆ ದುಃಖ ಬಂದಾಗ ಹೊಸದೊಂದು ಬಣ್ಣ ಬರಲ್ಲ, ಇರೋ ಬಣ್ಣಗಳೇ ಸತ್ವ ಕಳ್ಕೊಳ್ತವೆ. 1994ರಲ್ಲಿ ವಾಲ್ಡೆಜ್ ಮತ್ತು ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರು ಮಾಡಿದ ಅಧ್ಯಯನದಲ್ಲೂ ಹತ್ತಿರ ಹತ್ತಿರ ಇದೇ ಬಂತು: ಮನಸ್ಸಿನ ಮೇಲೆ ಪರಿಣಾಮ ಮಾಡೋದ್ರಲ್ಲಿ ಬಣ್ಣ ಕೆಂಪೋ ನೀಲಿಯೋ ಅನ್ನೋದಕ್ಕಿಂತ ಅದು ಎಷ್ಟು ಗಾಢ, ಎಷ್ಟು ಬೆಳಕು ಅನ್ನೋದೇ ಹೆಚ್ಚು ಕೆಲಸ ಮಾಡತ್ತೆ ಅಂತ. ಹಾಗಾಗಿ ಎಡಿಟಿಂಗ್‌ನಲ್ಲಿ ಮೊದಲು ಸ್ಯಾಚುರೇಶನ್ (ಬಣ್ಣದ ಗಾಢತೆ) ಕಡೆ ಕೈ ಹಾಕಿ, ಆಮೇಲೆ ಬಣ್ಣ ಬದಲಾಯಿಸೋ ಯೋಚನೆ ಮಾಡಿ.

ಆದ್ರೆ ಹೊರಗಿನ ಪಟ್ಟಿ ಬಿಟ್ಟು ನಮ್ಮ ಪಟ್ಟಿ ಹಿಡ್ಕೊಂಡ್ರೂ ಪಟ್ಟಿ ಪಟ್ಟಿನೇ. ನಮ್ಮ ರಾಜ್ಯದಲ್ಲೇ ನೋಡಿ, ಎಷ್ಟೋ ಮನೆಗಳಲ್ಲಿ ಬಿಳಿ ಸೀರೆ ಅಂದ್ರೆ ವಿಧವೆ ಅನ್ನೋ ನೆನಪು ಇನ್ನೂ ಹೋಗಿಲ್ಲ, ಅದೇ ಕೊಡಗಿಗೆ ಹೋದ್ರೆ ಮದುವೆ ಗಂಡು ತೊಡೋದು ಬಿಳಿ ಕುಪ್ಯ, ಅಂದ್ರೆ ಅಲ್ಲಿನ ಉದ್ದ ಅಂಗಿ. ಇನ್ನು ಹಳದಿ ಕೆಂಪು. ಮ. ರಾಮಮೂರ್ತಿಯವರು ಕೊಟ್ಟ ಕನ್ನಡ ಬಾವುಟದಿಂದ ಆ ಜೋಡಿ ನಮ್ಮ ಕಣ್ಣಲ್ಲಿ ಹೇಗೆ ಕೂತಿದೆ ಅಂದ್ರೆ, ಪ್ರೇಮಗೀತೆಯಲ್ಲಿ ಅವನಿಗೆ ಹಳದಿ ಶರ್ಟು ಅವಳಿಗೆ ಕೆಂಪು ಚೂಡಿದಾರ್ ಹಾಕಿ ಪಕ್ಕ ಪಕ್ಕ ನಿಲ್ಸಿದ್ರೆ ಕನ್ನಡದೋರಿಗೆ ಮೊದಲು ನೆನಪಾಗೋದು ನವೆಂಬರ್ 1. ಅದು ಬೇಕಿದ್ರೆ ಸರಿ, ಬೇಡ ಅಂದ್ರೆ ಒಂದನ್ನ ಸಾಸಿವೆ ಬಣ್ಣಕ್ಕೋ ಮರೂನ್‌ಗೋ ಎಳೀಬೇಕು. ಕೇಸರಿ, ಹಸಿರು, ಗಾಢ ನೀಲಿ ಇವಕ್ಕೂ ಇವತ್ತು ಹೊರಗಿನ ಅರ್ಥಗಳು ಅಂಟ್ಕೊಂಡಿವೆ, ಎಲ್ಲಿ, ಯಾರ ಮೈಮೇಲೆ, ಯಾವ ಅಳತೆಯಲ್ಲಿ ಇಡ್ತೀವಿ ಅಂತ ಯೋಚ್ನೆ ಮಾಡ್ಲೇಬೇಕು.

ತಮ್ಮ ನೆಲದ ಬಣ್ಣವನ್ನ ಗಟ್ಟಿಯಾಗಿ ಬಳಸಿರೋದು ಹೇಗಿರತ್ತೆ ಅಂತ ನೋಡ್ಬೇಕಂದ್ರೆ ಅಮೆರಿಕದ ಗಾಯಕಿ ಬಿಯಾನ್ಸೆಯ 'ಹೋಲ್ಡ್ ಅಪ್' ವಿಡಿಯೋ ನೋಡಿ, 2016ರದ್ದು. ಮೋಸ ಹೋದೆ ಅನ್ನೋ ಅನುಮಾನ, ಹೊಟ್ಟೆಕಿಚ್ಚು, ಸಿಟ್ಟಿನ ಹಾಡದು. ನಮ್ಮ ಲೆಕ್ಕದಲ್ಲಿ ಕೆಂಪು ಇರ್ಬೇಕು. ಆಕೆ ಉಟ್ಟಿರೋದು ತೇಲಾಡೋ ಹಳದಿ ಗೌನು, ಕೈಯಲ್ಲಿ ಬೇಸ್‌ಬಾಲ್ ಬ್ಯಾಟು, ನಗ್ತಾ ನಗ್ತಾ ಕಾರುಗಳ ಗಾಜು ಒಡೀತಾ ಬರ್ತಾಳೆ, ಅದಕ್ಕೂ ಮುಂಚೆ ಬಾಗಿಲು ತೆಗೆದಾಗ ನೀರು ಧುಮ್ಮಿಕ್ಕಿ ಹರಿಯತ್ತೆ. ನೈಜೀರಿಯಾ ಕಡೆಯ ಯೊರುಬಾ ಜನರ ನದಿ ದೇವತೆ ಓಶುನ್‌ಳ ಬಣ್ಣ ಹಳದಿ, ನೀರು ಅವಳದೇ, ಅವಳಿಗೆ ಪ್ರೀತಿನೂ ಗೊತ್ತು ಕೋಪನೂ ಗೊತ್ತು. ಅದು ಗೊತ್ತಿದ್ದೋರಿಗೆ ದೇವತೆ ಕಾಣ್ತಾಳೆ. ಗೊತ್ತಿಲ್ದೇ ಇದ್ದೋರಿಗೂ ಬಿಸಿಲಿನಂಥಾ ಹಳದಿಯೊಳಗಿಂದ ಬರೋ ಆ ಸಿಟ್ಟು ಭಯ ಹುಟ್ಟಿಸತ್ತೆ. ನಮ್ಮಲ್ಲಿ ಅರಿಶಿನ, ಕಾಡಿಗೆ, ವಿಭೂತಿ, ಯಕ್ಷಗಾನದ ಬಣ್ಣದ ವೇಷ ಇಷ್ಟೆಲ್ಲಾ ಇಟ್ಕೊಂಡು ನಾವು ಬೇರೆಯೋರ ರೆಡಿಮೇಡ್ ಬಣ್ಣದ ಸೆಟ್ಟಿಂಗು, ಅಂದ್ರೆ ಎಲ್‌ಯುಟಿ ಡೌನ್‌ಲೋಡ್ ಮಾಡಿ ಹಾಕ್ಕೊಳ್ತೀವಿ ಅನ್ನೋದು ನನಗೆ ಬೇಜಾರಿನ ವಿಷಯ.

ಪ್ರಶ್ನೆ: ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ರೆ ವಿಡಿಯೋಗೆ ತಾನಾಗೇ ಗಾಂಭೀರ್ಯ ಬರತ್ತಾ? (ಮೈಸೂರಿನ ಓದುಗರು)

ಉತ್ತರ: ಬರಲ್ಲ. ಬಣ್ಣ ತೆಗೆದ್ಮೇಲೆ ಉಳಿಯೋದು ಬೆಳಕು ಮತ್ತು ನೆರಳು, ಅದು ಶೂಟಿಂಗ್‌ನಲ್ಲೇ ಸರಿ ಇರ್ಬೇಕು. ಹಸಿರು ಗಿಡದ ಮುಂದೆ ಕೆಂಪು ಸೀರೆ ಕಲರ್‌ನಲ್ಲಿ ಎದ್ದು ಕಾಣತ್ತೆ, ಎರಡರ ಹೊಳಪೂ ಒಂದೇ ಇದ್ರೆ ಬ್ಲ್ಯಾಕ್ ಅಂಡ್ ವೈಟಲ್ಲಿ ಎರಡೂ ಒಂದೇ ಬೂದು ಬಣ್ಣವಾಗಿ ಸೀರೆ ಗಿಡದೊಳಗೆ ಕರಗಿಹೋಗತ್ತೆ. ಮೊದಲೇ ತೀರ್ಮಾನ ಮಾಡಿ, ಫೋನ್‌ನ ಮೋನೋ ಮೋಡಲ್ಲಿ ಒಂದು ಫೋಟೋ ತೆಗೆದು ನೋಡಿ, ಆಮೇಲೆ ಬಟ್ಟೆ ಆರಿಸಿ.

ಪ್ರಶ್ನೆ: ಮಸ್ಕತ್‌ನಲ್ಲಿ ಇರೋ ಕನ್ನಡ ಕುಟುಂಬ ನಮ್ದು. ಮಗಳ ರೌದ್ರ ರಸದ ನೃತ್ಯದ ವಿಡಿಯೋಗೆ ಕೆಂಪು ರೇಷ್ಮೆ ಸೀರೆ, ಕೆಂಪು ಎಲ್‌ಇಡಿ ಲೈಟು ಎರಡೂ ಬಳಸಿದ್ವಿ. ಯೂಟ್ಯೂಬ್‌ಗೆ ಹಾಕಿದ್ಮೇಲೆ ಸೀರೆ ಒಂದು ಕೆಂಪು ಮುದ್ದೆ ಥರ ಕಾಣ್ತಿದೆ, ನೆರಿಗೆಗಳೇ ಇಲ್ಲ. ಯಾಕೆ?

ಉತ್ತರ: ಕೆಂಪು ವಿಡಿಯೋಗೆ ಯಾವತ್ತೂ ಕಷ್ಟದ ಬಣ್ಣ. ಎಚ್‌ಡಿ ವಿಡಿಯೋದಲ್ಲಿ ಹೊಳಪಿನ ಲೆಕ್ಕ ಹಾಕುವಾಗ ಹಸಿರಿಗೆ ಸುಮಾರು ಶೇ 72, ಕೆಂಪಿಗೆ ಶೇ 21, ನೀಲಿಗೆ ಶೇ 7 ಪಾಲು. ಜೊತೆಗೆ ಫೈಲ್ ಚಿಕ್ಕದಾಗ್ಲಿ ಅಂತ ಬಣ್ಣದ ಮಾಹಿತಿಯನ್ನ ನಾಲ್ಕು ಪಿಕ್ಸೆಲ್‌ಗೆ ಒಂದೇ ಅಂತ ಇಟ್ಕೊಳ್ತಾರೆ, ಸೂಕ್ಷ್ಮ ವಿವರ ಎಲ್ಲಾ ಹೊಳಪಿನ ಕಡೆಯಿಂದಲೇ ಬರ್ಬೇಕು. ನಿಮ್ಮಲ್ಲಿ ಬಟ್ಟೆನೂ ಕೆಂಪು ಬೆಳಕೂ ಕೆಂಪು, ಅಂದ್ರೆ ಕ್ಯಾಮೆರಾದ ಹಸಿರು ನೀಲಿ ಚಾನೆಲ್‌ಗಳು ಹತ್ತಿರ ಹತ್ತಿರ ಖಾಲಿ, ಕೆಂಪು ಚಾನೆಲ್ ಮಾತ್ರ ತುಂಬಿ ಚೆಲ್ಲಿದೆ. ನೆರಿಗೆಯ ನೆರಳು ಉಳಿಯೋಕೆ ಜಾಗನೇ ಇಲ್ಲ.

ಮತ್ತೆ ಶೂಟ್ ಮಾಡೋ ಹಾಗಿದ್ರೆ ಮಗಳ ಮೇಲೆ ಮಾಮೂಲಿ ಬಿಳಿ ಲೈಟು ಒಂದು ಪಕ್ಕದಿಂದ ಬರ್ಲಿ, ಆಗ ಜರಿ ಅಂಚು ಹೊಳೆದು ನೆರಿಗೆ ತಾನಾಗೇ ಕಾಣತ್ತೆ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಹಿನ್ನೆಲೆ ಕಪ್ಪಗಿರ್ಲಿ. ಭರತ ರೌದ್ರಕ್ಕೆ ಕೆಂಪು ಅಂದಿದ್ದು ಸರಿ, ಹಾಗಂತ ಫ್ರೇಮ್ ಪೂರ್ತಿ ತುಂಬ್ಬೇಕಿಲ್ಲ. 1983ರ 'ಥ್ರಿಲ್ಲರ್'ನಲ್ಲಿ ಮೈಕಲ್ ಜಾಕ್ಸನ್‌ನ ಕೆಂಪು ಜಾಕೆಟ್, ಡೆಬೊರಾ ನಾಡೂಲ್‌ಮನ್ ಲ್ಯಾಂಡಿಸ್ ವಿನ್ಯಾಸ ಮಾಡಿದ್ದು, ಇವತ್ತಿಗೂ ಎಲ್ಲರಿಗೂ ನೆನಪಿರೋದು ಸುತ್ತ ರಾತ್ರಿಯ ಬೀದಿ, ಮಾಸಿದ ಬಟ್ಟೆಯ ಹೆಣಗಳು ಇರೋದ್ರಿಂದ. ರೌದ್ರ ಏರೋ ತೀರ್ಮಾನದ (ನೃತ್ಯದಲ್ಲಿ ಜತಿ ಮುಗಿಯೋ ಭಾಗ) ಹೊತ್ತಲ್ಲಿ ಹಿಂದಿನ ಪರದೆ ಮೇಲೆ ಮಾತ್ರ ಕೆಂಪು ಲೈಟ್ ಹಾಕಿ, ಅಲ್ಲೀವರೆಗೆ ತಡ್ಕೊಳ್ಳಿ.

ಮತ್ತೆ ಶೂಟ್ ಮಾಡೋಕೆ ಆಗಲ್ಲ ಅಂದ್ರೆ ಗ್ರೇಡಿಂಗ್‌ನಲ್ಲಿ ಕೆಂಪಿನ ಸ್ಯಾಚುರೇಶನ್ ಇಳಿಸಿ, ಸ್ವಲ್ಪ ಮರೂನ್ ಕಡೆ ತಳ್ಳಿ, 4ಕೆಯಲ್ಲಿ ಅಪ್‌ಲೋಡ್ ಮಾಡಿ. 4ಕೆಯಲ್ಲಿ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್ ಇರೋದ್ರಿಂದ ಬಣ್ಣದ ಮಾಹಿತಿ ಕಾಲು ಭಾಗಕ್ಕೆ ಇಳಿದ್ರೂ ಪೂರ್ತಿ ಎಚ್‌ಡಿಯಷ್ಟು ಉಳಿದಿರತ್ತೆ, ಹಾಗಾಗಿ ಅಂಚುಗಳು ಎಷ್ಟೋ ಸ್ವಚ್ಛ ಕಾಣ್ತವೆ. ಅಪ್‌ಲೋಡ್ ಆದ ತಕ್ಷಣ ನೋಡಿ ಬೇಜಾರಾಗ್ಬೇಡಿ, 4ಕೆ ಪ್ರೊಸೆಸ್ ಆಗೋಕೆ ಸ್ವಲ್ಪ ಹೊತ್ತು ಹಿಡಿಯತ್ತೆ, ಅಲ್ಲೀವರೆಗೆ ಕಮ್ಮಿ ಕ್ವಾಲಿಟಿಯದ್ದೇ ಓಡ್ತಿರತ್ತೆ.