ಶಾಲಾ ಸಂಸತ್ತಿನ ಮಕ್ಕಳಿಗೆ ಒಂದು ದಿನದ ತರಬೇತಿ: ಏನು ಕಲಿಸೋಣ?

ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯವರ ಪತ್ರ:

"ನಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪು) 5 ಶಾಲೆಗಳ ಶಾಲಾ ಸಂಸತ್ತಿನ, ಅಂದರೆ ಮಕ್ಕಳೇ ಓಟು ಹಾಕಿ ಆರಿಸಿದ ಮಂತ್ರಿಮಂಡಲದ, ಮಕ್ಕಳಿಗೆ ಒಂದು ದಿನದ ತರಬೇತಿ ನಡೆಸುವ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಸುಮಾರು 40 ಮಕ್ಕಳು. ಹೋದ ವರ್ಷ ಬೇರೆಯವರು ಮಾಡಿದ್ದರು. ಉದ್ಘಾಟನೆ, ನಾಯಕತ್ವದ ಬಗ್ಗೆ ಉದ್ದ ಭಾಷಣ, ಊಟ, ಮತ್ತೆ ಭಾಷಣ, ಪ್ರಮಾಣಪತ್ರ. ಮಧ್ಯಾಹ್ನ ಅರ್ಧ ಮಕ್ಕಳು ತೂಕಡಿಸುತ್ತಿದ್ದರು. ನಮ್ಮ ಶಾಲೆಯ ಮಂತ್ರಿಗಳು ಮಾಡುವ ಕೆಲಸ ಎಂದರೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಟೀಚರ್ ಇಲ್ಲದಾಗ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದು, ಅಷ್ಟೇ. 'ಓದೋ ಮಕ್ಕಳಿಗೆ ಇದೆಲ್ಲ ಯಾಕೆ' ಎಂದು ನಮ್ಮ ಸಹೋದ್ಯೋಗಿಗಳೇ ಕೇಳುತ್ತಾರೆ. ಒಂದು ದಿನದಲ್ಲಿ ಏನು ಕಲಿಸಬಹುದು? ಪ್ರಮಾಣಪತ್ರ ಕೊಡಲೇಬೇಕಾ?"

ಪ್ರಿಯ ಮೇಡಂ,

ಬೋರ್ಡಿನ ಮೇಲೆ ಹೆಸರು ಬರೆಯುವ ವಿಷಯದಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ್ದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಜೂನ್‌ನಲ್ಲಿ ಮಕ್ಕಳು ಸಾಲಾಗಿ ನಿಂತು ಒಬ್ಬ ಹುಡುಗನಿಗೆ ಓಟು ಹಾಕುತ್ತಾರೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಖುಷಿಪಡುತ್ತಾರೆ. ಜುಲೈನಲ್ಲಿ ಅದೇ ಹುಡುಗ ಸೀಮೆಸುಣ್ಣ ಹಿಡಿದು ಓಟು ಹಾಕಿದವರ ಹೆಸರನ್ನೇ ಬೋರ್ಡಿನ ಮೇಲೆ ಬರೆಯುತ್ತಾನೆ. ಟೀಚರ್ ಬಂದು ಹೆಸರಿದ್ದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಆಮೇಲೆ ಯಾವ ಮಗು ತಾನೇ ಅವನ ಹತ್ತಿರ ಹೋಗಿ "ನಮ್ಮ ಕ್ಲಾಸಿನಲ್ಲಿ ಫ್ಯಾನ್ ಓಡ್ತಿಲ್ಲ, ಹೆಡ್ ಮಾಸ್ಟರಿಗೆ ಹೇಳು" ಅನ್ನುತ್ತದೆ? ಅವನು ಟೀಚರ್ ಕಡೆಯವನಾಗಿಬಿಟ್ಟ, ಅಲ್ವಾ?

ಸಂಸತ್ತಿನ ಮಗು ಮಾಡಬೇಕಾದ್ದು ಮುಖ್ಯವಾಗಿ ಎರಡು ಕೆಲಸ. ಗೆಳೆಯರು ಹೇಳಿದ್ದನ್ನು ದೊಡ್ಡವರಿಗೆ ಮುಟ್ಟಿಸುವುದು, ದೊಡ್ಡವರು ಕೊಟ್ಟ ಉತ್ತರವನ್ನು ವಾಪಸ್ ತಂದು ಗೆಳೆಯರಿಗೆ ಹೇಳುವುದು. ನಿಮ್ಮ ಒಂದು ದಿನವನ್ನು ಪೂರ್ತಿ ಇದಕ್ಕೇ ಇಡಿ. ನಾಯಕತ್ವದ ಗುಣಗಳು, ಗುರಿ ಸಾಧನೆ, ವ್ಯಕ್ತಿತ್ವ ವಿಕಸನ ಯಾವುದೂ ಆ ದಿನ ಬೇಡ.

ಆದರೆ ಮಕ್ಕಳನ್ನು ಕರೆಯುವ ಮುಂಚೆ ನೀವು ಐದೂ ಶಾಲೆಗಳ ಮುಖ್ಯ ಶಿಕ್ಷಕರನ್ನು ಒಂದು ಕಡೆ ಕೂರಿಸಲೇಬೇಕು. ಅವರಿಂದ ಒಪ್ಪಿಗೆ ಬೇಕಾದ್ದು ಇಷ್ಟು: ತಿಂಗಳಿಗೊಮ್ಮೆ ಸಂಸತ್ತಿನ ಸಭೆಗೆ ಒಂದು ಪೀರಿಯಡ್ ಕೊಡಬೇಕು, ಅದರಲ್ಲಿ ತಾವೂ ಕೂರಬೇಕು, ಮಕ್ಕಳು ಕೇಳಿದ್ದಕ್ಕೆ ಮುಂದಿನ ಸಭೆಯೊಳಗೆ ಉತ್ತರ ಹೇಳಬೇಕು. ಆಗಲ್ಲ ಎಂದಾದರೆ ಆಗಲ್ಲ ಎಂದೇ ಹೇಳಲಿ, ಯಾಕೆ ಅಂತಾನೂ ಹೇಳಲಿ. ಇದಕ್ಕೆ ಒಪ್ಪದ ಶಾಲೆಯ ಮಕ್ಕಳಿಗೆ ತರಬೇತಿ ಕೊಟ್ಟರೆ ಅವರಿಗೆ ಬೇಜಾರೇ ಜಾಸ್ತಿ. ಕೇಳುವುದನ್ನು ಕಲಿಸಿ, ಕೇಳಿಸಿಕೊಳ್ಳುವವರೇ ಇಲ್ಲದ ಜಾಗಕ್ಕೆ ಕಳಿಸಿದ ಹಾಗಾಗುತ್ತದೆ. ಮಕ್ಕಳೇ ತೀರ್ಮಾನ ಮಾಡಬಹುದಾದ ನಾಲ್ಕಾರು ವಿಷಯಗಳನ್ನೂ ಆ ಸಭೆಯಲ್ಲೇ ಗೊತ್ತು ಮಾಡಿಕೊಳ್ಳಿ. ಆಟದ ಪೀರಿಯಡ್‌ನಲ್ಲಿ ಯಾವ ತರಗತಿಗೆ ಯಾವತ್ತು ಚೆಂಡು, ಗ್ರಂಥಾಲಯದ ಪುಸ್ತಕ ಹಂಚುವುದು, ಕೈತೋಟದಲ್ಲಿ ಏನು ಬೆಳೆಯುವುದು, ಆಗಸ್ಟ್ 15ರ ಕಾರ್ಯಕ್ರಮದಲ್ಲಿ ಯಾರ ಹಾಡು, ಇಂಥವು. ಶಿಕ್ಷಕರ ವರ್ಗಾವಣೆ, ಕಟ್ಟಡದ ಅನುದಾನ ಮಕ್ಕಳ ಕೈಯಲ್ಲಿಲ್ಲ. ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

"ಓದೋ ಮಕ್ಕಳಿಗೆ ಇದೆಲ್ಲ ಯಾಕೆ" ಎನ್ನುವ ಸಹೋದ್ಯೋಗಿಗಳಿಗೆ ಏನು ಹೇಳುವುದು? ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತು ಕೇಳಬೇಕು ಎನ್ನುವುದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ. ನಮ್ಮ ದೇಶ 1992ರಲ್ಲೇ ಅದಕ್ಕೆ ಒಪ್ಪಿದೆ. ಕಾಗದದ ಮಾತು ಸಾಲದು ಎಂದರೆ ನಮ್ಮ ಕುಂದಾಪುರ ತಾಲ್ಲೂಕಿನ ಉದಾಹರಣೆ ಕೊಡಿ. 1990ರ ದಶಕದಲ್ಲೇ ಅಲ್ಲಿಯ ಕೆಲವು ಊರುಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. ಅಲ್ಲಿ ಸೇರಿದವರಲ್ಲಿ ದನ ಕಾಯುವ, ಮನೆಗೆಲಸ ಮಾಡುವ ಮಕ್ಕಳೂ ಇದ್ದರು. ಮಳೆಗಾಲದಲ್ಲಿ ತುಂಬಿದ ತೋಡು (ಸಣ್ಣ ಹಳ್ಳ) ದಾಟಿ ಶಾಲೆಗೆ ಹೋಗಲು ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಬೇಕು ಎಂಬಂಥ ವಿಷಯಗಳನ್ನು ಅವರು ದೊಡ್ಡವರ ಮುಂದಿಟ್ಟರು. ದಿನಾ ಆ ದಾರಿಯಲ್ಲಿ ನಡೆಯುವವರು ಮಕ್ಕಳು. ಎಲ್ಲಿ ಕಾಲು ಜಾರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಮುಂದೆ ಮಕ್ಕಳ ಗ್ರಾಮಸಭೆ ಎಂಬುದು ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ನಡೆಸಬೇಕಾದ ಕೆಲಸವೇ ಆಯಿತು. ನಿಮ್ಮ ತರಬೇತಿಯ ಮಕ್ಕಳು ಆ ಸಭೆಯಲ್ಲೂ ಎದ್ದು ಮಾತಾಡುವವರೇ.

ಇನ್ನು ದಿನದ ವಿಷಯ. ಶನಿವಾರ ಬೇಡ, ಬೆಳಗಿನ ಶಾಲೆ, ಅರ್ಧ ದಿನಕ್ಕೇ ಮುಗಿದುಹೋಗುತ್ತದೆ. ಉದ್ಘಾಟನೆಗೆ ಹತ್ತು ನಿಮಿಷ ಸಾಕು. ಬೆಳಿಗ್ಗೆ ಮುಖ್ಯ ಅತಿಥಿಗಳನ್ನು ಕರೆಯಬೇಡಿ. ಅವರನ್ನು ಸಂಜೆಯ ಹೊತ್ತಿಗೆ ಕರೆಯಿರಿ, ಅವರಿಗೆ ಬೇರೆ ಕೆಲಸವಿದೆ.

ಮಕ್ಕಳನ್ನು ಶಾಲೆವಾರು ಕೂರಿಸಬೇಡಿ. ಐದೂ ಶಾಲೆಯ ಆಹಾರ ಮಂತ್ರಿಗಳು ಒಂದು ಗುಂಪು, ಸ್ವಚ್ಛತಾ ಮಂತ್ರಿಗಳು ಒಂದು ಗುಂಪು, ಹೀಗೆ ಮಾಡಿ. "ನಿಮ್ಮ ಸ್ಕೂಲಲ್ಲಿ ಹೇಗೆ ಮಾಡ್ತೀರಾ?" ಎಂದು ತಾವೇ ಕೇಳಿಕೊಳ್ಳುತ್ತಾರೆ. ಆ ಅರ್ಧ ಗಂಟೆಯಲ್ಲಿ ಮಕ್ಕಳು ಒಬ್ಬರಿಂದೊಬ್ಬರು ಕಲಿಯುವುದು ನಮ್ಮ ಪಾಠಕ್ಕಿಂತ ಜಾಸ್ತಿ. ಗುಂಪು ಮಾಡುವಾಗ ಇನ್ನೊಂದು ನೋಡಿ: ಪ್ರಧಾನಮಂತ್ರಿ, ಕ್ರೀಡಾ ಮಂತ್ರಿ ಎಲ್ಲ ಹುಡುಗರು, ಆಹಾರ, ಸ್ವಚ್ಛತೆ, ಸಾಂಸ್ಕೃತಿಕ ಎಲ್ಲ ಹುಡುಗಿಯರು ಎಂದಾಗಿದ್ದರೆ ಮುಂದಿನ ಜೂನ್‌ಗೆ ಸರಿ ಮಾಡಬೇಕು ಎಂದು ಈಗಲೇ ಬರೆದಿಟ್ಟುಕೊಳ್ಳಿ.

ಪ್ರತಿ ಮಂತ್ರಿಗೂ ತನ್ನ ಖಾತೆಯ ಬಗ್ಗೆ ನಿಜವಾದ ಮಾಹಿತಿ ಕೊಡಿ. ಆಹಾರ ಮಂತ್ರಿಯನ್ನೇ ತೆಗೆದುಕೊಳ್ಳಿ. ಈಗ ಅವಳ ಕೆಲಸ ತಟ್ಟೆ ಹಿಡಿದವರನ್ನು ಸಾಲಿನಲ್ಲಿ ನಿಲ್ಲಿಸುವುದು. ಬಿಸಿಯೂಟಕ್ಕೆ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 6ರಿಂದ 8ರವರೆಗೆ 150 ಗ್ರಾಂ ಎಂದು ಲೆಕ್ಕ ಇದೆ ಎಂದು ಅವಳಿಗೆ ಹೇಳಿ. ಈವತ್ತು ಚಿಕ್ಕ ತರಗತಿಗಳಲ್ಲಿ 62 ಮಕ್ಕಳು, ದೊಡ್ಡ ತರಗತಿಗಳಲ್ಲಿ 48 ಮಕ್ಕಳು ಬಂದಿದ್ದಾರೆ ಅಂದುಕೊಳ್ಳಿ. 6 ಕಿಲೋ 200 ಗ್ರಾಂ ಮತ್ತು 7 ಕಿಲೋ 200 ಗ್ರಾಂ, ಒಟ್ಟು 13 ಕಿಲೋ 400 ಗ್ರಾಂ ಅಕ್ಕಿ. ಈ ಲೆಕ್ಕ ಅವಳೇ ಪೆನ್ಸಿಲ್ ಹಿಡಿದು ಮಾಡಲಿ. ಬೆಳಿಗ್ಗೆ ಹಾಜರಾತಿ ಆದ ಕೂಡಲೇ ಎಲ್ಲ ತರಗತಿಯ ಸಂಖ್ಯೆ ಬರೆದುಕೊಂಡು ಅಡುಗೆಯವರಿಗೆ ಕೊಡುವುದು ಅವಳ ಕೆಲಸವಾಗಲಿ. ಹೀಗೆ ಒಂದು ವಾರ ಮಾಡಿದರೆ ಅಡುಗೆಯ ಅಕ್ಕಂದಿರ ಜೊತೆ ಅವಳಿಗೆ ಸಲಿಗೆ ಬೆಳೆಯುತ್ತದೆ. "ಅಕ್ಕಾ, ಒಂದನೇ ಕ್ಲಾಸಿನ ಮಕ್ಕಳು ಖಾರ ಅಂತ ಸಾಂಬಾರು ಬಿಡ್ತಿದ್ದಾರೆ" ಎಂದು ಹೇಳುವ ಧೈರ್ಯ ಅಲ್ಲಿಂದ ಬರುತ್ತದೆ.

ಬೆಳಗಿನ ಎರಡನೇ ಭಾಗಕ್ಕೆ ಒಂದು ಸಮಸ್ಯೆ ಇಟ್ಟುಕೊಂಡು ಅದನ್ನು ಬಿಡಿಸುವುದನ್ನು ಕಲಿಸಿ. ತುಮಕೂರು ಕಡೆಯ ಒಂದು ಶಾಲೆಯಲ್ಲಿ ಇದನ್ನು ತುಂಬಾ ಚೆನ್ನಾಗಿ ಮಾಡಿದ್ದನ್ನು ನೋಡಿದ್ದೇನೆ. ಒಬ್ಬ ಹುಡುಗ ಎದ್ದು "ನಮ್ಮ ಶಾಲೆಯಲ್ಲಿ ನೀರಿನ ತೊಂದರೆ ಇದೆ" ಎಂದ. ತರಬೇತಿ ನಡೆಸುತ್ತಿದ್ದ ಮೇಷ್ಟ್ರು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಟ್ಯಾಂಕ್ ಇದೆಯಾ? ಇದೆ. ನೀರು ಬರುತ್ತಾ? ಬರುತ್ತೆ. ನಲ್ಲಿ ಎಷ್ಟು? ನಾಲ್ಕು. ನಾಲ್ಕರಲ್ಲೂ ಬರುತ್ತಾ? ಎರಡರಲ್ಲಿ ಬರಲ್ಲ. ಹಾಗಾದರೆ ಯಾರಿಗೆ ತೊಂದರೆ? ಹುಡುಗ ಯೋಚನೆ ಮಾಡಿದ. ಪಕ್ಕದಲ್ಲಿದ್ದ ಒಂದು ಚಿಕ್ಕ ಹುಡುಗಿ, ಅವಳು ನಾಲ್ಕನೇ ತರಗತಿಯ ಪ್ರತಿನಿಧಿ, ಮೆಲ್ಲಗೆ ಹೇಳಿದಳು: "ಕೆಟ್ಟಿರೋದು ಕೆಳಗಿನ ಎರಡು ಸಾರ್. ಮೇಲಿನದು ನಮಗೆ ಎಟುಕಲ್ಲ. ಅಣ್ಣಂದಿರು ಕುಡಿದಾದ ಮೇಲೆ ಹಿಡಿದುಕೊಡ್ತಾರೆ, ಅಷ್ಟರಲ್ಲಿ ಬೆಲ್ ಆಗುತ್ತೆ."

ಮೇಷ್ಟ್ರು ಹುಡುಗನಿಗೆ ಮತ್ತೆ ಹೇಳು ಎಂದರು. ಈಗ ಅವನು ಹೇಳಿದ್ದು ಹೀಗೆ: "ಕೆಳಗಿನ ಎರಡು ನಲ್ಲಿ ಕೆಟ್ಟಿವೆ. ಮೂರು, ನಾಲ್ಕನೇ ತರಗತಿಯವರಿಗೆ ಕುಡಿಯೋಕೆ ನೀರು ಸಿಗುತ್ತಿಲ್ಲ. ಎರಡು ನಲ್ಲಿ ಹಾಕಿಸಬೇಕು." ಮೊದಲ ಮಾತಿಗೆ ಯಾರಾದರೂ "ನೋಡೋಣ" ಎಂದು ಸುಮ್ಮನಾಗಬಹುದಿತ್ತು. ಎರಡನೆಯದಕ್ಕೆ ಹಾಗನ್ನುವುದು ಕಷ್ಟ. ಪಂಚಾಯಿತಿಗೆ ಮನವಿ ಬರೆಯಬೇಕಾ, ಹೆಡ್ ಮಾಸ್ಟರೇ ಹಾಕಿಸಬಹುದಾ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಬೇಕಾ ಎನ್ನುವ ಚರ್ಚೆ ಆಮೇಲೆ ತಾನಾಗೇ ಬಂತು. ನಿಮ್ಮ ಇಡೀ ದಿನದಲ್ಲಿ ಇದೊಂದನ್ನು ಕಲಿಸಿದರೂ ನನ್ನ ಪ್ರಕಾರ ತರಬೇತಿ ಗೆದ್ದಂತೆ. ದೂರನ್ನು ಒಂದು ಸರಿಯಾದ ಬೇಡಿಕೆ ಮಾಡುವುದು ದೊಡ್ಡವರಿಗೇ ಸುಲಭವಲ್ಲ.

ಇದಾದ ಮೇಲೆ ಒಂದು ಅಣಕು ಸಭೆ ನಡೆಸಿ. ನಿಯಮ ಒಂದೇ: ಎಲ್ಲರೂ ಒಂದು ಸಲ ಮಾತಾಡುವ ತನಕ ಯಾರೂ ಎರಡನೇ ಸಲ ಮಾತಾಡುವ ಹಾಗಿಲ್ಲ. ಮಾತುಗಾರ ಮಕ್ಕಳು ಒದ್ದಾಡುತ್ತಾರೆ, ಒದ್ದಾಡಲಿ. ನಡಾವಳಿ ಬರೆಯುವುದನ್ನು ಅಲ್ಲೇ ಕಲಿಸಿ. ಏನು ಮಾತಾಯಿತು, ಏನು ತೀರ್ಮಾನ, ಯಾರು ಮಾಡಬೇಕು, ಯಾವತ್ತಿನೊಳಗೆ. ಇಷ್ಟು ಬರೆದು ಸಹಿ ಮಾಡಿದರೆ ಸಾಕು. ಶಾಲೆಗೊಂದು 200 ಪುಟದ ನೋಟ್‌ಬುಕ್ ಕೊಡಿ, ನಿಮ್ಮ ಖರ್ಚಿನಲ್ಲಿ ಅತಿ ಉಪಯೋಗದ್ದು ಅದೇ. ಕೆಲವು ಶಾಲೆಗಳಲ್ಲಿ ವಿರೋಧ ಪಕ್ಷದ ನಾಯಕ ಅಂತಲೂ ಒಬ್ಬರಿರುತ್ತಾರೆ. ಆ ಮಗುವಿಗೆ ಕೂಗಾಡುವುದನ್ನು ಕಲಿಸಬೇಡಿ. "ಹೋದ ಸಭೆಯಲ್ಲಿ ಬರೆದಿದ್ದು ಏನಾಯಿತು?" ಎಂದು ನೋಟ್‌ಬುಕ್ ತೆಗೆದು ಕೇಳುವುದನ್ನು ಕಲಿಸಿ.

ಊಟ ಆದ ಮೇಲೆ ಮಕ್ಕಳನ್ನು ಕೋಣೆಯಲ್ಲಿ ಕೂರಿಸಬೇಡಿ. ಹೋದ ವರ್ಷದ ತೂಕಡಿಕೆಗೆ ಭಾಷಣದ ಜೊತೆ ಆ ಹೊತ್ತೂ ಕಾರಣ. ತರಬೇತಿ ನಡೆಯುವ ಶಾಲೆಯನ್ನೇ ಒಂದು ಸುತ್ತು ಹೊಡೆಯಲಿ. ಕಾಂಪೌಂಡು, ಅಡುಗೆಕೋಣೆ, ಮೈದಾನ, ಶೌಚಾಲಯ ಎಲ್ಲವನ್ನೂ ನೋಡಿ ಬರೆದುಕೊಂಡು ಬರಲಿ. ಇಲ್ಲಿ ಹುಡುಗಿಯರದು ಬೇರೆ ಗುಂಪು ಮಾಡಿ, ಜೊತೆಗೆ ನೀವೋ ಇನ್ನೊಬ್ಬ ಶಿಕ್ಷಕಿಯೋ ಇರಿ. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಒಬ್ಬಳು ಹೋದಾಗ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲಬೇಕು, ಮುಟ್ಟಿನ ದಿನಗಳಲ್ಲಿ ಪ್ಯಾಡ್ ಎಸೆಯಲು ಜಾಗ ಇಲ್ಲ ಎಂಬ ಮಾತುಗಳು ಹುಡುಗರ ಮುಂದೆ ಬರುವುದೇ ಇಲ್ಲ. ಅದೇ ಕಾರಣಕ್ಕೆ ಪ್ರತಿ ಶಾಲೆಯಲ್ಲೂ ಹೆಸರು ಬರೆಯದೆ ಚೀಟಿ ಹಾಕುವ ಒಂದು ಡಬ್ಬಿ ಇರಬೇಕು. ಅದರ ಬೀಗದ ಕೈ ಮಕ್ಕಳ ಹತ್ತಿರ ಬೇಡ, ಮಕ್ಕಳಿಗೆ ನಂಬಿಕೆಯಿರುವ ಒಬ್ಬ ಶಿಕ್ಷಕಿಯ ಹತ್ತಿರ ಇರಲಿ.

ಯಾಕೆಂದರೆ ಕೆಲವು ಚೀಟಿಗಳು ಸಂಸತ್ತಿನ ಸಭೆಗೆ ತರುವಂಥವಲ್ಲ. ಯಾರೋ ಹೊಡೆಯುತ್ತಾರೆ, ಯಾರೋ ಮೈ ಮುಟ್ಟುತ್ತಾರೆ, ಮನೆಯಲ್ಲಿ ಮದುವೆ ಮಾತು ನಡೆದಿದೆ. ಹನ್ನೆರಡು ವರ್ಷದ ಮಂತ್ರಿಯ ತಲೆ ಮೇಲೆ ಇಂಥದನ್ನು ಹೊರಿಸಬಾರದು. ತರಬೇತಿಯಲ್ಲಿ ಇದನ್ನು ಬಿಡಿಸಿ ಹೇಳಿ: ಗೆಳತಿ ಹೀಗೆ ಹೇಳಿದರೆ ನೀನು ವಿಚಾರಣೆ ಮಾಡಬೇಡ, ಬೇರೆ ಮಕ್ಕಳಿಗೂ ಹೇಳಬೇಡ. ನಂಬಿಕೆಯ ಒಬ್ಬ ದೊಡ್ಡವರಿಗೆ ತಕ್ಷಣ ಹೇಳು, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಆ ನಂಬರನ್ನು ಎಲ್ಲರಿಂದಲೂ ಬಾಯಿಪಾಠ ಮಾಡಿಸಿ. ಶಿಕ್ಷಕರಿಗೂ ಎರಡು ವಿಷಯ ನೆನಪಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೊಕ್ಸೊ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ವಿಷಯ ಗೊತ್ತಾದ ದೊಡ್ಡವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮರ್ಯಾದೆ ಎಂದು ಮುಚ್ಚಿಡುವ ಹಾಗಿಲ್ಲ.

ಸುತ್ತು ಮುಗಿದ ಮೇಲೆ ಪ್ರತಿ ಶಾಲೆಯ ಮಕ್ಕಳು ಒಟ್ಟಿಗೆ ಕೂತು ತಮ್ಮ ಶಾಲೆಗೆ ಬೇಕಾದ್ದರ ಬಗ್ಗೆ ಒಂದು ಮನವಿ ಬರೆಯಲಿ. ಕೊನೆಯ ಒಂದು ಗಂಟೆಗೆ ಅತಿಥಿಗಳು ಬರಲಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು, ಸಾಧ್ಯವಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಅವರು ಮಕ್ಕಳ ಎದುರು ಕೂರಲಿ, ವೇದಿಕೆ ಬೇಡ. ಮಕ್ಕಳು ಮಧ್ಯಾಹ್ನ ಬರೆದ ಮನವಿಗಳನ್ನು ಶಾಲೆಗೊಂದರಂತೆ ಓದಲಿ, ಕೇಳಿಸಿಕೊಂಡವರು ಅಲ್ಲೇ ಉತ್ತರ ಕೊಡಲಿ. ಅವರಿಗೆ ನೀವು ಮೊದಲೇ ಒಂದು ಮಾತು ಹೇಳಿಡಿ: ಮಕ್ಕಳನ್ನು ಹೊಗಳುವುದಕ್ಕೆ ಸಮಯ ಕಳೆಯಬೇಡಿ, ದಿನಾಂಕ ಹೇಳಿ. "ಜಾಣ ಮಕ್ಕಳು" ಎಂದು ಚಪ್ಪಾಳೆ ಹೊಡೆಸಿ ಹೋದರೆ ಮಕ್ಕಳಿಗೆ ಅದು ಗೊತ್ತಾಗದೇ ಇರುವುದಿಲ್ಲ. "ಬರೋ ತಿಂಗಳು 10ನೇ ತಾರೀಖಿನೊಳಗೆ ನಲ್ಲಿ ಹಾಕಿಸ್ತೀನಿ" ಎಂದ ಅಧ್ಯಕ್ಷರನ್ನು ಅವರು ವರ್ಷವೆಲ್ಲಾ ನೆನಪಿಟ್ಟುಕೊಳ್ಳುತ್ತಾರೆ.

ಮಾರನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಪ್ರತಿ ಶಾಲೆಯಲ್ಲೂ ಸಂಸತ್ತಿನ ಮಕ್ಕಳಿಗೆ ಐದು ನಿಮಿಷ ಕೊಡಿಸಿ. ನಾವು ಏನು ಕೇಳಿದೆವು, ಅವರು ಏನು ಹೇಳಿದರು, ಯಾವುದಕ್ಕೆ ಇಲ್ಲ ಅಂದರು. ಓಟು ಹಾಕಿದವರಿಗೆ ಇದು ತಿಳಿಯಬೇಕು. ಇಲ್ಲ ಅಂದಿದ್ದನ್ನು ಹೇಳುವಾಗ ಮಕ್ಕಳು ಹಿಂಜರಿಯುತ್ತಾರೆ, ಪಕ್ಕದಲ್ಲಿ ಒಬ್ಬ ಶಿಕ್ಷಕರು ನಿಂತರೆ ಧೈರ್ಯ. ಸೀಮೆಸುಣ್ಣದ ಕೆಲಸ ಇನ್ನು ಮಂತ್ರಿಗಳದ್ದಲ್ಲ ಎಂದು ಅವತ್ತೇ ಎಲ್ಲರ ಮುಂದೆ ಮುಖ್ಯ ಶಿಕ್ಷಕರ ಬಾಯಿಂದ ಹೇಳಿಸಿಬಿಡಿ.

ಪ್ರಮಾಣಪತ್ರದ ವಿಷಯ ಕೇಳಿದ್ದೀರಿ. ಕೊಡಿ, ಆದರೆ ತರಬೇತಿಯ ದಿನ ಬೇಡ. ಮಾರ್ಚ್‌ವರೆಗೆ ಇಟ್ಟುಕೊಳ್ಳಿ. "ಯಶಸ್ವಿಯಾಗಿ ಭಾಗವಹಿಸಿದ್ದಾರೆ" ಎಂದು ಎಲ್ಲರಿಗೂ ಒಂದೇ ಸಾಲು ಅಚ್ಚು ಹಾಕಿಸಬೇಡಿ. ಸ್ವಲ್ಪ ಜಾಗ ಖಾಲಿ ಬಿಡಿಸಿ, ಆ ಮಗು ವರ್ಷದಲ್ಲಿ ಮಾಡಿದ್ದನ್ನು ನಡಾವಳಿ ಪುಸ್ತಕ ನೋಡಿ ಕೈಯಲ್ಲೇ ಬರೆಯಿರಿ. "ಕೆಳಗಿನ ಎರಡು ನಲ್ಲಿ ಸರಿ ಮಾಡಿಸಲು ಪಂಚಾಯಿತಿಗೆ ಮನವಿ ಕೊಟ್ಟಳು" ಎಂದು ಇದ್ದರೆ ಮನೆಯವರೂ ಜೋಪಾನ ಮಾಡಿ ಇಡುತ್ತಾರೆ. ತರಬೇತಿ ಮುಗಿದ ಮೇಲೆ ಮಕ್ಕಳು ಬರೆದ ಮನವಿಗಳಲ್ಲಿ ಒಂದೆರಡನ್ನು ನಮಗೂ ಕಳಿಸಿಕೊಡಿ. ಮಕ್ಕಳ ಹೆಸರು, ಊರ ಹೆಸರು ತೆಗೆದು ಪತ್ರಿಕೆಯಲ್ಲಿ ಹಾಕುತ್ತೇವೆ. ಬೇರೆ ಕ್ಲಸ್ಟರಿನ ಶಿಕ್ಷಕರಿಗೆ ಉಪಯೋಗವಾಗುತ್ತದೆ.

- ಸಂಪಾದಕ