ನಲ್ಲಿ ಬದಲಿಸಿದ ಮೇಲೆ ಗೋಡೆಯೊಳಗಿಂದ ನೀರು ಬಂದರೆ

ಅಡುಗೆಮನೆಯ ನಲ್ಲಿ ಬದಲಿಸಿ, ಜಾಯಿಂಟ್ ಸೋರಿ, ಆಮೇಲೆ ಬರೆಯುವವರ ಪತ್ರಗಳು ನಿಲ್ಲುತ್ತಲೇ ಇಲ್ಲ. ಅದಕ್ಕೇ ಈ ಸಲ ಅದೊಂದೇ ವಿಷಯ. ಗೇಟ್ ವಾಲ್ವ್ ಮುಚ್ಚಿ, ಪೈಪಿನಲ್ಲಿರುವ ನೀರು ಖಾಲಿ ಮಾಡಿ ಅಂತೆಲ್ಲ ನಾನು ಹೇಳಲು ಹೋಗುವುದಿಲ್ಲ. ಅಷ್ಟು ತಿಳಿಯದವರು ಸ್ಪ್ಯಾನರ್ ಮುಟ್ಟಲೇಬಾರದು.

ಪ್ರಶ್ನೆ: ಸಿಂಕಿನ ಮೇಲೆ ಗೋಡೆಯಲ್ಲಿದ್ದ ಹಳೇ ನಲ್ಲಿ ತೆಗೆದು ಹೊಸದನ್ನು ನಾನೇ ಹಾಕಿದೆ. ಫ್ಲ್ಯಾಂಜಿನ (ಗೋಡೆಯ ತೂತು ಮುಚ್ಚುವ ದುಂಡು ತಟ್ಟೆ) ಹಿಂದಿನಿಂದ ನೀರು ಜಿನುಗುತ್ತಿದೆ. ಮತ್ತೆ ಮತ್ತೆ ಬಿಚ್ಚಿ, ಪ್ರತಿ ಸಲವೂ ಟೆಫ್ಲಾನ್ ಟೇಪು ಹೆಚ್ಚು ಸುತ್ತಿ ಹಾಕಿದೆ, ನಿಲ್ಲಲಿಲ್ಲ. ಪ್ಲಂಬರ್ ಬಂದು ನೋಡಿ ಟೈಲ್ಸ್ ಒಡೆಯಲೇಬೇಕು ಎನ್ನುತ್ತಿದ್ದಾರೆ. ಏನು ಮಾಡಲಿ? – ಓದುಗರು, ದಾವಣಗೆರೆ

ಉತ್ತರ: ಮೊದಲು ಟೇಪು ಸುತ್ತುವುದನ್ನು ನಿಲ್ಲಿಸಿ. ಟೈಲ್ಸ್ ಒಡೆಯುವವರನ್ನೂ ಒಂದು ದಿನ ತಡೆಯಿರಿ. ನೀರು ಎಲ್ಲಿಂದ ಬರುತ್ತಿದೆ ಎಂದು ನೀವೂ ನೋಡಿಲ್ಲ, ಅವರೂ ನೋಡಿಲ್ಲ.

ನಲ್ಲಿ ಮುಚ್ಚಿದ್ದಾಗಲೂ ಜಿನುಗುತ್ತದೆಯೇ? ಹಾಗಿದ್ದರೆ ತೊಂದರೆ ಗೋಡೆಯ ಜಾಯಿಂಟಿನದು, ಏಕೆಂದರೆ ಅಲ್ಲಿ ಇಪ್ಪತ್ನಾಲ್ಕು ಗಂಟೆಯೂ ಟ್ಯಾಂಕಿನ ಒತ್ತಡ ಇರುತ್ತದೆ. ತೆರೆದಾಗ ಮಾತ್ರ ಒದ್ದೆಯಾಗುತ್ತಿದ್ದರೆ ತಿರುಗುವ ಮೂತಿಯ ಬುಡದ ರಬ್ಬರ್ ರಿಂಗ್ ಹೋಗಿರುತ್ತದೆ. ನೀರು ನಲ್ಲಿಯ ಮೈಮೇಲೇ ಹಿಂದಕ್ಕೆ ಹರಿದು ಗೋಡೆಯಿಂದ ಬಂದ ಹಾಗೆ ಕಾಣುತ್ತದೆ.

ಜಾಯಿಂಟಿನದೇ ಎಂದಾದರೆ ನಲ್ಲಿ ಬಿಚ್ಚಿ. ಗೋಡೆಯೊಳಗಿನ ಎಲ್ಬೋದ (ಪೈಪು ತಿರುಗುವಲ್ಲಿ ಇರುವ ಮೊಣಕೈಯಂಥ ತುಂಡು) ಥ್ರೆಡ್ಡಿನಲ್ಲಿ, ಅಂದರೆ ತಿರುಪಿನ ಗೆರೆಗಳಲ್ಲಿ, ಸಿಕ್ಕಿರುವ ಹಳೇ ಟೇಪು, ಸೆಣಬಿನ ಎಳೆಗಳನ್ನೆಲ್ಲ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಅಂಗಡಿಯಲ್ಲಿ ಅರ್ಧ ಇಂಚಿನ ಪ್ಲಗ್ ಸಿಗುತ್ತದೆ, ಮನೆ ಕಟ್ಟುವಾಗ ಪೈಪಿನ ಬಾಯಿಗೆ ಹಾಕಿರುತ್ತಾರಲ್ಲ, ಅದೇ. ಅದಕ್ಕೆ ಟೇಪು ಸುತ್ತಿ ಕೂರಿಸಿ, ಟ್ಯಾಂಕ್ ತುಂಬಿಸಿ, ವಾಲ್ವ್ ತೆರೆದು, ಸುತ್ತಲೂ ಟಿಶ್ಯೂ ಪೇಪರ್ ಒತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೇಪರ್ ಒದ್ದೆಯಾಗಿದ್ದರೆ ಎಲ್ಬೋ ಬಿರುಕು ಬಿಟ್ಟಿದೆ, ಇಲ್ಲವೇ ಅದರ ಥ್ರೆಡ್ ಹಾಳಾಗಿದೆ. ಪ್ಲಂಬರ್ ಹೇಳಿದ್ದೇ ಸರಿ, ಟೈಲ್ಸ್ ಒಡೆಯಿರಿ. ಒಣಗಿದ್ದರೆ ಗೋಡೆಗೆ ಏನೂ ಆಗಿಲ್ಲ, ತಪ್ಪಿರುವುದು ನಲ್ಲಿ ಕೂರಿಸಿದ ರೀತಿಯಲ್ಲಿ. ಇಷ್ಟು ಸುಲಭದ ಪರೀಕ್ಷೆ ಮಾಡದೆ ಟೈಲ್ಸಿಗೆ ಸುತ್ತಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದೇ ಬಣ್ಣದ ಟೈಲ್ಸ್ ಆಮೇಲೆ ಎಲ್ಲಿ ಹುಡುಕುತ್ತಾರೆ?

ಕೂರಿಸುವಾಗ ಎಡವುವ ಜಾಗಗಳಲ್ಲಿ ಮೊದಲನೆಯದು ಆಳ. ಪೈಪ್ ಹಾಕುವಾಗ ಎಲ್ಬೋ ಬಾಯಿ ಗಾರೆಯ ಮಟ್ಟಕ್ಕಿರುತ್ತದೆ. ಮೇಲೆ ಟೈಲ್ಸ್ ಬಂದಾಗ ಅದು ಒಳಗೆ ಹೋಗಿಬಿಡುತ್ತದೆ. ಅರ್ಧ ಇಂಚಿನ ಫಿಟ್ಟಿಂಗಿನಲ್ಲಿ ಇಂಚಿಗೆ 14 ಥ್ರೆಡ್. ನಿಮ್ಮ ನಲ್ಲಿ ಎರಡೇ ಸುತ್ತು ಹಿಡಿದಿದ್ದರೆ ನಾಲ್ಕು ಮಿಲಿಮೀಟರೂ ಒಳಗೆ ಹೋಗಿಲ್ಲ ಎಂದರ್ಥ. ಎಷ್ಟು ಟೇಪು ಸುತ್ತಿದರೂ ಅದು ಸೋರದೆ ಇರದು. ಪೆನ್ಸಿಲ್ ಹಾಕಿ ಆಳ ಅಳೆದು ಅದಕ್ಕೆ ತಕ್ಕ ಉದ್ದದ ಎಕ್ಸ್‌ಟೆನ್ಷನ್ ನಿಪ್ಪಲ್ (ಎಲ್ಬೋಗೂ ನಲ್ಲಿಗೂ ನಡುವೆ ಹಾಕುವ ಥ್ರೆಡ್ ಇರುವ ತುಂಡು) ತನ್ನಿ. ಹಿತ್ತಾಳೆಯದೇ ಇರಲಿ. ಎರಡು ಗಿಡ್ಡ ನಿಪ್ಪಲ್ ಜೋಡಿಸಬೇಡಿ, ಒಂದೊಂದು ಜಾಯಿಂಟೂ ಸೋರಲು ಇನ್ನೊಂದು ಜಾಗ.

ಟೇಪನ್ನು ಥ್ರೆಡ್ಡಿನ ತುದಿ ನಿಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಎಳೆದು ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಮುದ್ದೆಯಾಗಿ ಹೊರಬರುತ್ತದೆ. ಎಷ್ಟು ಸುತ್ತು ಎಂದು ಕೇಳಬೇಡಿ, ಒಬ್ಬೊಬ್ಬರ ಟೇಪು ಒಂದೊಂದು ದಪ್ಪ. ನಲ್ಲಿ ಕೈಯಲ್ಲೇ ಎರಡು ಮೂರು ಸುತ್ತು ಹೋಗಿ ಆಮೇಲೆ ಬಿಗಿಯಾಗಬೇಕು, ಅದೇ ಅಳತೆ. ಶುರುವಿನಲ್ಲೇ ಬಿಗಿಯಾದರೆ ಟೇಪು ಜಾಸ್ತಿಯಾಗಿದೆ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಪ್ಲಾಸ್ಟಿಕ್ ಎಲ್ಬೋ ಸೀಳುತ್ತದೆ. ನಿಮ್ಮದು ಇನ್ನೂ ಸೀಳಿರದಿದ್ದರೆ ಅದು ಅದೃಷ್ಟ.

ನಿಮ್ಮ ಮನೆಯಲ್ಲಿ ಆಗಿರುವುದು ಬಹುಶಃ ಇದು: ಬಿಗಿ ಮಾಡಿದಿರಿ, ಮೂತಿ ನೇರ ನಿಲ್ಲದೆ ಸ್ವಲ್ಪ ಆಚೆ ಹೋಯಿತು, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ನೇರ ಮಾಡಿದಿರಿ. ಹಿಂದಕ್ಕೆ ತಿರುಗಿಸಿದೊಡನೆ ಒಳಗೆ ಟೇಪು ಹರಿದು ನೀರಿಗೆ ದಾರಿಯಾಗುತ್ತದೆ. ನೇರ ನಿಲ್ಲಬೇಕಾದ ಜಾಗ ದಾಟಿತೇ? ಪೂರ್ತಿ ಬಿಚ್ಚಿ, ಟೇಪು ಕಿತ್ತು, ಹೊಸದನ್ನು ಒಂದೆರಡು ಸುತ್ತು ಹೆಚ್ಚಿಗೆ ಹಾಕಿ ಮತ್ತೆ ಕೂರಿಸಿ. ಬೇರೆ ದಾರಿಯಿಲ್ಲ.

ಪ್ರಶ್ನೆ: ಫ್ಲ್ಯಾಂಜಿನ ಸುತ್ತ ಎಂ-ಸೀಲ್ ಅಥವಾ ಬಿಳಿ ಸಿಮೆಂಟ್ ಮೆತ್ತಿದರೆ ಸಾಕೆಂದು ಪರಿಚಯದ ಮೇಸ್ತ್ರಿ ಹೇಳಿದರು. – ಓದುಗರು, ಹಾಸನ

ಉತ್ತರ: ಸಾಲದು. ಸೋರುವುದು ನಿಲ್ಲುವುದಿಲ್ಲ, ಕಾಣುವುದು ಮಾತ್ರ ನಿಲ್ಲುತ್ತದೆ. ನೀರು ಗೋಡೆಯೊಳಗೆ ಇಳಿದು, ಸಿಂಕಿನ ಕೆಳಗಿನ ಪ್ಲೈವುಡ್ ಉಬ್ಬಿದ ಮೇಲೆ ನಿಮಗೆ ಗೊತ್ತಾಗುತ್ತದೆ. ಆ ಮೇಸ್ತ್ರಿಯನ್ನು ಮತ್ತೆ ಕರೆಯಬೇಡಿ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಉಪ್ಪು ಕಟ್ಟಿ ಸೋರಿಕೆ ತಾನಾಗೇ ನಿಲ್ಲುತ್ತದಂತೆ, ಹೌದೇ? – ಓದುಗರು, ಕೋಲಾರ

ಉತ್ತರ: ಇಲ್ಲ. ಬಿಳಿ ಪದರ ಕಟ್ಟುವುದೇ ಸೋರುತ್ತಲೇ ಇದೆ ಎನ್ನುವುದಕ್ಕೆ ಸಾಕ್ಷಿ.

ಪ್ರಶ್ನೆ: ಆಂಗಲ್ ಕಾಕಿಗೆ (ಸಿಂಕಿನ ಕೆಳಗೆ ಗೋಡೆಯಲ್ಲಿರುವ ಚಿಕ್ಕ ವಾಲ್ವ್) ಹಾಕುವ ಕನೆಕ್ಷನ್ ಪೈಪಿನ ನಟ್ಟಿಗೂ ಟೇಪು ಸುತ್ತಿದ್ದೇನೆ, ಆದರೂ ಹನಿ ಬೀಳುತ್ತಿದೆ. – ಓದುಗರು, ಮೈಸೂರು

ಉತ್ತರ: ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ಟೇಪು ಕಿತ್ತುಹಾಕಿ, ವಾಷರ್ ಬದಲಿಸಿ, ಕೈಯಲ್ಲಿ ಬಿಗಿ ಮಾಡಿ ಸ್ಪ್ಯಾನರಿನಲ್ಲಿ ಕಾಲು ಸುತ್ತು ಕೊಡಿ. ಹೆಚ್ಚು ಬಿಗಿದರೆ ವಾಷರ್ ಕತ್ತರಿಸಿಹೋಗುತ್ತದೆ. ಸಿಂಕಿನ ಕೆಳಗೆ ಕೈ ಹಾಕುವ ಮೊದಲು ಅಲ್ಲಿರುವ ನೀರಿನ ಫಿಲ್ಟರಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದೇನೆ ಎಂಬ ಮಾತು ನನಗೆ ಸಾಲದು.

ಪ್ರಶ್ನೆ: ಗೋಡೆ ಒಡೆದು ಸಿಪಿವಿಸಿ (ಅಂಟು ಹಾಕಿ ಜೋಡಿಸುವ ಪ್ಲಾಸ್ಟಿಕ್) ಎಲ್ಬೋ ಬದಲಿಸಿದರು. ಅರ್ಧ ಗಂಟೆಗೇ ನೀರು ಬಿಟ್ಟರು, ಮತ್ತೆ ಸೋರಿತು. – ಓದುಗರು, ಹುಬ್ಬಳ್ಳಿ

ಉತ್ತರ: ಅಂಟು ಒಣಗಲು ಬಿಟ್ಟಿಲ್ಲ. ಎಷ್ಟು ಹೊತ್ತು ಕಾಯಬೇಕೆಂದು ಡಬ್ಬಿಯ ಮೇಲೇ ಬರೆದಿರುತ್ತದೆ, ನಾನಾದರೆ ರಾತ್ರಿಯಿಡೀ ಬಿಡುತ್ತೇನೆ. ಸೋರಿದ ಜಾಯಿಂಟಿನ ಮೇಲೆ ಮತ್ತೆ ಅಂಟು ಬಳಿದರೆ ಪ್ರಯೋಜನವಿಲ್ಲ, ಕತ್ತರಿಸಿ ಹೊಸದು ಹಾಕಿಸಿ. ನೀರು ಬಿಟ್ಟು ಒಂದು ದಿನ ನೋಡುವವರೆಗೆ ಗಾರೆ ಮುಚ್ಚಲು ಬಿಡಬೇಡಿ.

ಪ್ರಶ್ನೆ: ಮಗ ಅಮೆರಿಕದಿಂದ ತಂದ ಸಿಂಕಿನ ನಲ್ಲಿಯ ಪೈಪು ನಮ್ಮ ಆಂಗಲ್ ಕಾಕಿಗೆ ಕೂರುತ್ತಿಲ್ಲ. – ಓದುಗರು, ಉಡುಪಿ

ಉತ್ತರ: ಅಲ್ಲಿನ ಅಡುಗೆಮನೆ ನಲ್ಲಿಗಳ ಪೈಪು ಸಾಮಾನ್ಯವಾಗಿ 3/8 ಇಂಚಿನದು, ನಮ್ಮದು ಅರ್ಧ ಇಂಚು. ಥ್ರೆಡ್ಡಿನ ಕೋನವೂ ಬೇರೆ: ಅಲ್ಲಿ 60 ಡಿಗ್ರಿ, ಇಲ್ಲಿ 55. ಎರಡಕ್ಕೂ ಹೊಂದುವ ಅಡಾಪ್ಟರ್ ಸಿಕ್ಕರೆ ಹಾಕಿ. ಟೇಪು ಸುತ್ತಿ ತುರುಕಬೇಡಿ.