ಸೋಲೋದು ಬೇರೆ, ಊರು ಬಿಟ್ಟು ಹೋಗೋದು ಬೇರೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಪತ್ರ ಬರೆದವರಿಗೆ ನಮಸ್ಕಾರ. ನೀವು ಬರೆದಿರೋದು ಇಷ್ಟು: ನಿಮ್ಮ ಬೇಸ್‌ಬಾಲ್ ಟೀಮ್ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್, ಅಂದ್ರೆ ಎ'ಸ್, ಊರು ಬಿಟ್ಟು ಹೋಯ್ತು, ಹೋಗೋಕೆ ಮುಂಚೆ ಚೆನ್ನಾಗಿ ಆಡೋರನ್ನೆಲ್ಲ ಒಬ್ಬೊಬ್ಬರಾಗಿ ಮಾರಿಬಿಟ್ರು, ಸರಿ ಪಕ್ಕದೂರಿನ ಟೀಮ್ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ನೋಡೋಣ ಅಂದ್ರೆ ಅಲ್ಲೂ ಸೀಸನ್ ಮಧ್ಯದಲ್ಲಿ ತರೋದು ಕಳಿಸೋದು ನಡೀತಾನೇ ಇದೆ, ಮಗ ಮಾತ್ರ ಹಸಿರು ಎ'ಸ್ ಕ್ಯಾಪ್ ತೆಗೀತಿಲ್ಲ. ಹದಿನೆಂಟು ಸೀಸನ್ ಆರ್‌ಸಿಬಿಗೆ ಕಾದ ನಮಗೆ ಇದೇನು ಹೊಸದಾ, ತಡ್ಕೋ ಅಂತ ಅವನಿಗೆ ಹೇಳಿದ್ದೀರಂತೆ, ಅದು ಸರೀನಾ ಅಂತ ಕೇಳಿದ್ದೀರ.

ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ಆರ್‌ಸಿಬಿ 2025ರ ಜೂನ್ 3ರವರೆಗೂ ಕಪ್ ಗೆಲ್ಲಲಿಲ್ಲ ನಿಜ, ಆದ್ರೆ ಅಷ್ಟೂ ವರ್ಷ ಅದು ಬೆಂಗಳೂರಿನ ಟೀಮೇ ಆಗಿತ್ತು, ಮುಂದಿನ ವರ್ಷ ಚಿನ್ನಸ್ವಾಮಿಗೆ ಬರುತ್ತೆ ಅನ್ನೋ ನಂಬಿಕೆ ಮೇಲೇ ನಾವು ಕಾದಿದ್ದು. ನಿಮ್ಮ ಮಗನಿಗೆ ಕಾಯೋಕೆ ಅಂತ ಯಾವ ಜಾಗ ಉಳಿದಿದೆ ಹೇಳಿ?

ಆಟಗಾರರನ್ನ ಮಾರೋದು ಹೇಗೆ ನಡಿಯುತ್ತೆ ಅಂತ ಅವನಿಗೆ ಒಂದ್ಸಲ ಕೂರಿಸಿ ಹೇಳಿ, ಅರ್ಥ ಆಗೋ ವಯಸ್ಸೇ. ಮೇಜರ್ ಲೀಗ್‌ಗೆ, ಅಂದ್ರೆ ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗ್‌ಗೆ, ಬಂದ ಹುಡುಗ ಮೊದಲ ಮೂರು ವರ್ಷ ಸುಮಾರಾಗಿ ಮಿನಿಮಮ್ ಸಂಬಳಕ್ಕೆ ಆಡ್ತಾನೆ, ಆಮೇಲೆ ಮೂರು ವರ್ಷ ಆರ್ಬಿಟ್ರೇಷನ್‌ನಲ್ಲಿ (ಒಪ್ಪಂದ ಆಗದಿದ್ರೆ ಮಧ್ಯಸ್ಥರು ಸಂಬಳ ತೀರ್ಮಾನಿಸೋದು) ಸಂಬಳ ಏರ್ತಾ ಹೋಗುತ್ತೆ, ಆರು ವರ್ಷ ತುಂಬಿದ್ರೆ ಫ್ರೀ ಏಜೆಂಟ್, ಯಾರು ಜಾಸ್ತಿ ಕೊಡ್ತಾರೋ ಅವರ ಹತ್ರ ಹೋಗಬಹುದು. ದುಡ್ಡು ಬಿಚ್ಚೋಕೆ ಇಷ್ಟ ಇಲ್ಲದ ಓನರ್ ಏನ್ ಮಾಡ್ತಾನೆ ಅಂದ್ರೆ ನಾಲ್ಕನೇದೋ ಐದನೇದೋ ವರ್ಷದಲ್ಲಿ, ಹುಡುಗ ಒಳ್ಳೇ ಫಾರ್ಮ್‌ನಲ್ಲಿರುವಾಗಲೇ, ಟ್ರೇಡ್ ಮಾಡಿ ಇನ್ನೂ ಎಳೆ ಹುಡುಗರನ್ನ ತಗೋತಾನೆ. ಸಸಿ ನೆಟ್ಟು ನೀರು ಹಾಕಿ, ಫಸಲು ಕೈಗೆ ಬರೋ ವರ್ಷಕ್ಕೆ ತೋಟ ಮಾರಿದ ಹಾಗೆ, ಪ್ರತೀ ಸಲ.

2022ರಲ್ಲಿ ಆಗಿದ್ದು ಇದೇ. ಮಾರ್ಚ್-ಏಪ್ರಿಲ್‌ನಲ್ಲಿ ಕೆಲವೇ ವಾರದೊಳಗೆ ಕ್ರಿಸ್ ಬ್ಯಾಸಿಟ್ ನ್ಯೂಯಾರ್ಕ್ ಮೆಟ್ಸ್‌ಗೆ, ಮ್ಯಾಟ್ ಓಲ್ಸನ್ ಅಟ್ಲಾಂಟಾಗೆ, ಮ್ಯಾಟ್ ಚಾಪ್‌ಮನ್ ಟೊರಾಂಟೋಗೆ, ಶಾನ್ ಮನಾಯಾ ಸ್ಯಾನ್ ಡಿಯಾಗೋಗೆ. ಓಲ್ಸನ್‌ಗೆ ಟ್ರೇಡ್ ಆದ ಮಾರನೇ ದಿನವೇ ಅಟ್ಲಾಂಟಾ 8 ವರ್ಷಕ್ಕೆ 168 ಮಿಲಿಯನ್ ಡಾಲರ್ ಕೊಡ್ತು, 2023ರಲ್ಲಿ ಅವನು ಅಲ್ಲಿ 54 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ. ಅದೇ ವರ್ಷ ಎ'ಸ್ 112 ಮ್ಯಾಚ್ ಸೋತ್ರು. ಓಲ್ಸನ್‌ಗೆ ಬದಲಾಗಿ ಬಂದವರಲ್ಲಿ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಶೇ ಲ್ಯಾಂಗಲಿಯರ್ಸ್ ಒಬ್ಬ ನಿಜಕ್ಕೂ ನೆಲೆ ನಿಂತ, ಅದನ್ನ ಒಪ್ಕೋಬೇಕು. ಆದ್ರೆ ಟೀಮ್ ಬಿಚ್ಚಿ ಹಾಕಿ, ಗ್ರೌಂಡ್ ರಿಪೇರಿ ಮಾಡದೆ, ಆಮೇಲೆ ನೋಡಿ ಜನಾನೇ ಬರಲ್ಲ ಅಂತ ಓಕ್‌ಲ್ಯಾಂಡ್ ಮೇಲೆ ತಪ್ಪು ಹೊರಿಸಿದ್ದನ್ನ ನಾನಂತೂ ಒಪ್ಪಲ್ಲ.

ಯಾಕಂದ್ರೆ ಜನ ಬಂದಿದ್ರು. 2023ರ ಜೂನ್ 13, ಮಂಗಳವಾರ, ಟೇಬಲ್ ಕೊನೇಲಿದ್ದ ಟೀಮ್ ನೋಡೋಕೆ 27,759 ಜನ ಓಕ್‌ಲ್ಯಾಂಡ್‌ನ ಕೊಲಿಸಿಯಂ ಸ್ಟೇಡಿಯಂಗೆ ಬಂದ್ರು, ಬಹಿಷ್ಕಾರದ ಬದಲು ಒಟ್ಟಿಗೆ ಬಂದು ತೋರಿಸೋಣ ಅಂತ ಫ್ಯಾನ್‌ಗಳೇ ಸೇರಿ ಮಾಡಿದ್ದು. ಹಸಿರು ಟೀ ಶರ್ಟ್ ಮೇಲೆ 'ಸೆಲ್' ಅಂತ ಒಂದೇ ಪದ, ಟೀಮ್ ಮಾರಿ ಹೋಗಿ ಅಂತ ಓನರ್ ಜಾನ್ ಫಿಶರ್‌ಗೆ. ಐದನೇ ಇನ್ನಿಂಗ್ಸ್ ಶುರುವಾದಾಗ ಮೊದಲ ಬ್ಯಾಟರ್ ಆಡೋವರೆಗೂ ಇಡೀ ಸ್ಟೇಡಿಯಂ ಮೌನ, ಆಮೇಲೆ ಎಲ್ಲಾ ಕಡೆಯಿಂದ ಒಂದೇ ಕೂಗು. ಟ್ಯಾಂಪಾ ಬೇ ವಿರುದ್ಧ 2-1ಕ್ಕೆ ಗೆದ್ದರು ಕೂಡ, ಸತತ ಏಳನೇ ಗೆಲುವು ಅದು. ಅದೇ ವಾರ ನೆವಾಡಾ ಸರ್ಕಾರ ಎ'ಸ್‌ನ ಲಾಸ್ ವೇಗಸ್‌ಗೆ ಕರೆಸ್ಕೊಳ್ಳೋಕೆ ಅಲ್ಲೊಂದು ಸ್ಟೇಡಿಯಂಗೆ 380 ಮಿಲಿಯನ್ ಡಾಲರ್‌ವರೆಗೂ ಸಾರ್ವಜನಿಕ ಹಣ ಕೊಡೋ ಬಿಲ್ ಪಾಸ್ ಮಾಡ್ತು. ನವೆಂಬರ್‌ನಲ್ಲಿ ಲೀಗಿನ ಓನರ್‌ಗಳೆಲ್ಲ ಟೀಮ್ ವೇಗಸ್‌ಗೆ ಹೋಗೋದಕ್ಕೆ ಒಮ್ಮತದಿಂದ ಒಪ್ಪಿಗೆ ಕೊಟ್ರು. 2024ರ ಸೆಪ್ಟೆಂಬರ್ 26ಕ್ಕೆ ಓಕ್‌ಲ್ಯಾಂಡ್‌ನಲ್ಲಿ ಕೊನೇ ಮ್ಯಾಚ್, 57 ಸೀಸನ್, ಅಲ್ಲಿದ್ದಾಗ ಗೆದ್ದ ನಾಲ್ಕು ವರ್ಲ್ಡ್ ಸೀರೀಸ್ (ಲೀಗಿನ ಫೈನಲ್), ಎಲ್ಲ ಮುಗೀತು.

ನನಗೆ ಅತೀ ಹೆಚ್ಚು ನೋವಾಗೋದು ಅದರ ನಂತರದ ವಿಷಯಕ್ಕೆ. ಊರು ಬಿಟ್ಟ ಮೊದಲ ಚಳಿಗಾಲದಲ್ಲೇ ಲೂಯಿಸ್ ಸೆವೆರಿನೋಗೆ 67 ಮಿಲಿಯನ್ ಕೊಟ್ರು, ಅಲ್ಲಿವರೆಗೆ ಆ ಫ್ರಾಂಚೈಸಿ ಕೊಟ್ಟ ಅತಿ ದೊಡ್ಡ ಕಾಂಟ್ರಾಕ್ಟ್ ಅದು. ಬ್ರೆಂಟ್ ರೂಕರ್‌ಗೆ 60 ಮಿಲಿಯನ್, ಲಾರೆನ್ಸ್ ಬಟ್ಲರ್‌ಗೆ 65.5 ಮಿಲಿಯನ್. ಅಂದ್ರೆ ಕೊಡೋಕೆ ಆಗ್ತಿತ್ತು, ಓಕ್‌ಲ್ಯಾಂಡ್‌ನಲ್ಲಿ ಇದ್ದಾಗ ಕೊಡಲಿಲ್ಲ ಅಷ್ಟೇ. ಈಗ ವೇಗಸ್ ಸ್ಟೇಡಿಯಂ ರೆಡಿಯಾಗೋವರೆಗೂ ವೆಸ್ಟ್ ಸ್ಯಾಕ್ರಮೆಂಟೋದ ಮೈನರ್ ಲೀಗ್ ಗ್ರೌಂಡಲ್ಲಿ ಆಡ್ತಿದ್ದಾರೆ, ಅದು ಜೈಂಟ್ಸ್‌ನ ಟ್ರಿಪಲ್-ಎ (ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ) ಟೀಮಿನ ಗ್ರೌಂಡ್, ಟೀಮ್ ಹೆಸರಿನ ಮುಂದೆ ಊರಿನ ಹೆಸರೇ ಇಲ್ಲ. ನಿಕ್ ಕರ್ಟ್ಸ್ ಅನ್ನೋ ಹುಡುಗ 2025ರ ಜುಲೈನಲ್ಲಿ ಹ್ಯೂಸ್ಟನ್‌ನಲ್ಲಿ ಒಂದೇ ಮ್ಯಾಚಲ್ಲಿ ನಾಲ್ಕು ಹೋಮ್ ರನ್ ಹೊಡೆದ, ರೂಕಿ, ಅಂದ್ರೆ ಲೀಗ್‌ಗೆ ಹೊಸದಾಗಿ ಬಂದವನು, ಒಬ್ಬ ಹಾಗೆ ಹೊಡೆದಿದ್ದು ಅದೇ ಮೊದಲು. ನಿಮ್ಮ ಮಗ ಅದನ್ನ ನೋಡಿ ಕುಣಿದಿದ್ರೆ ಬೈಬೇಡಿ, ಆ ಹುಡುಗಂದೇನು ತಪ್ಪು.

ಜೈಂಟ್ಸ್ ವಿಷಯಕ್ಕೆ ಬಂದ್ರೆ ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ. 2021ರಲ್ಲಿ 107 ಮ್ಯಾಚ್ ಗೆದ್ದ ಮೇಲೆ ನಾಲ್ಕು ವರ್ಷ ಪ್ಲೇಆಫ್ ಇಲ್ಲ, 2025ರಲ್ಲಿ 81 ಗೆಲುವು 81 ಸೋಲು. ಜೂನ್‌ನಲ್ಲಿ ಬಾಸ್ಟನ್‌ನಿಂದ ಬ್ಯಾಟರ್ ರಫಾಯೆಲ್ ಡೆವರ್ಸ್‌ನನ್ನ 2033ರವರೆಗಿನ ಕಾಂಟ್ರಾಕ್ಟ್ ಸಮೇತ ತಂದ್ರು, ಆರು ವಾರ ಕಳೆದು ಟ್ರೇಡ್ ಮಾಡೋ ಕೊನೇ ದಿನದ ಹೊತ್ತಿಗೆ ಟೈಲರ್ ರಾಜರ್ಸ್, ಕಮೀಲೋ ಡೋವಲ್, ಮೈಕ್ ಯಸ್ತ್ರೆಮ್‌ಸ್ಕಿ ಮೂವರನ್ನೂ ಕಳಿಸಿದ್ರು. ರಾಜರ್ಸ್, ಯಸ್ತ್ರೆಮ್‌ಸ್ಕಿ ಕಾಂಟ್ರಾಕ್ಟ್ ಆ ವರ್ಷಕ್ಕೇ ಮುಗೀತಿತ್ತು, ಸರಿ ಅನ್ನೋಣ, ಡೋವಲ್ ಇನ್ನೂ ಎರಡು ವರ್ಷ ಕೈಯಲ್ಲಿದ್ದ, ಅವನನ್ನ ಕಳಿಸಿದ್ದು ನನಗೆ ಇವತ್ತಿಗೂ ಸರಿ ಅನ್ಸಲ್ಲ. ಆಮೇಲೆ ಮ್ಯಾನೇಜರ್ (ಮುಖ್ಯ ಕೋಚ್) ಬಾಬ್ ಮೆಲ್ವಿನ್‌ನ ತೆಗೆದು, ಪ್ರೊಫೆಷನಲ್ ಟೀಮಲ್ಲಿ ಒಂದು ದಿನಾನೂ ಕೋಚ್ ಮಾಡದ ಟೋನಿ ವಿಟೆಲ್ಲೋನ ಟೆನೆಸಿ ಯೂನಿವರ್ಸಿಟಿಯಿಂದ ಕರ್ಕೊಂಡು ಬಂದ್ರು. ರಿಸ್ಕ್ ದೊಡ್ಡದೇ. ಆದ್ರೆ ಇದೆಲ್ಲ ಗೆಲ್ಲೋಕೆ ಹೋಗಿ ಮಾಡ್ತಿರೋದು. ಬಸ್ಟರ್ ಪೋಸಿ ಆಟಗಾರನಾಗಿ ಜೈಂಟ್ಸ್ ಜೊತೆಗೇ ಮೂರು ವರ್ಲ್ಡ್ ಸೀರೀಸ್ ಗೆದ್ದವನು, ಈಗ ಆಫೀಸಲ್ಲಿ ಕೂತು ಅದೇ ಟೀಮ್ ಕಟ್ತಿದ್ದಾನೆ, ಎಡವಿದ್ರೆ ಬೈಯೋ ಹಕ್ಕು ನಮಗಿದೆ, ಬೈಯೋಣ. ಎ'ಸ್ ಮಾರಿಬಿಟ್ಟಿದ್ದ ಆ ಚಾಪ್‌ಮನ್‌ಗೆ 6 ವರ್ಷಕ್ಕೆ 151 ಮಿಲಿಯನ್ ಕೊಟ್ಟು ಉಳಿಸ್ಕೊಂಡಿದ್ದೂ ಇವರೇ.

ಹಾಗಂತ ಮಗನಿಗೆ ಜೈಂಟ್ಸ್‌ನ ಕಿತ್ತಳೆ ಕ್ಯಾಪ್ ಹಾಕ್ಕೋ ಅಂತ ಬಲವಂತ ಮಾಡ್ಬೇಡಿ. ಈ ಬೇಸಿಗೆಯಲ್ಲಿ ವೆಸ್ಟ್ ಓಕ್‌ಲ್ಯಾಂಡ್‌ನ ರೈಮಾಂಡಿ ಪಾರ್ಕ್‌ಗೆ ಕರ್ಕೊಂಡು ಹೋಗಿ. ಅಲ್ಲಿ ಓಕ್‌ಲ್ಯಾಂಡ್ ಬಾಲರ್ಸ್ ಆಡ್ತಾರೆ, 2024ರಲ್ಲಿ ಶುರುವಾದ ಟೀಮ್, ಫ್ಯಾನ್‌ಗಳೇ ಷೇರು ತಗೊಂಡಿದ್ದಾರೆ, ಎರಡನೇ ವರ್ಷಕ್ಕೇ ಪಯನಿಯರ್ ಲೀಗ್ ಅನ್ನೋ ಸಣ್ಣ ಲೀಗ್ ಗೆದ್ದರು. ಮೇಜರ್ ಲೀಗ್ ಆಟ ಅಲ್ಲ, ನಿಜ, ಪಿಚಿಂಗ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಆದ್ರೆ ಆ ಹಸಿರು ಕ್ಯಾಪ್ ಹಾಕ್ಕೊಂಡೇ ಹೋಗ್ಲಿ, ಅಲ್ಲಿ ಯಾರೂ ಯಾಕೆ ಅಂತ ಕೇಳಲ್ಲ.